ಸುಣ್ಣದ ಗಾರೆ ಕೆಲಸವನ್ನೂ ಕಲಿಸಿ

ಮಾನ್ಯರೇ,

ಹಳೆಯ ಕಟ್ಟಡಗಳಿಗೆ ಸುಣ್ಣದ ಗಾರೆ ಹಾಕುವುದು ನನ್ನ ಕಸುಬು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಉಳಿಸಬೇಕೋ ಕೆಡವಬೇಕೋ ಎಂಬ ಚರ್ಚೆ ಬಹಳ ನಡೆಯಿತು. ಉಳಿಸುವುದಾದರೆ ಕೆಲಸ ಬಲ್ಲವರು ಎಲ್ಲಿದ್ದಾರೆ?

ಸುಣ್ಣ ಅರಳಿಸಿ, ದಿನಗಟ್ಟಲೆ ನೆನೆಹಾಕಿ, ಮರಳು ಬೆರೆಸಿ ಅರೆದು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸಬೇಕು. ಹದ ಬಂತೇ ಎಂಬುದು ಕರಣೆ ಹಿಡಿದ ಕೈಗೇ ಗೊತ್ತಾಗಬೇಕು. ಅವಸರಕ್ಕೆ ಸಿಮೆಂಟ್ ಮೆತ್ತಿದರೆ ತೇವ ಗೋಡೆಯೊಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ.

ವಾಸ್ತುಶಿಲ್ಪ ಪದವೀಧರರಿಗೆ ದೆಹಲಿ, ಅಹಮದಾಬಾದ್‌ಗಳಲ್ಲಿ ಸಂರಕ್ಷಣೆಯ ಸ್ನಾತಕೋತ್ತರ ಕೋರ್ಸ್‌ಗಳಿವೆ. ಅವರ ನಕ್ಷೆ ಹಿಡಿದು ಸಾರುವೆ ಹತ್ತುವವರು ನಾವು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ನಮ್ಮ ಐಟಿಐಗಳಲ್ಲಿ ಗಾರೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟುವ ಚಾವಣಿ) ಕೆಲಸ ಕಲಿಸಿ, ಸರ್ಕಾರಿ ದುರಸ್ತಿಗಳಲ್ಲಿ ಅವರನ್ನೇ ತೆಗೆದುಕೊಳ್ಳಿ. ನನ್ನ ಮಗನೇ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ದಿನಾ ಕೂಲಿ ಸಿಗುತ್ತದೆ.

— ಒಬ್ಬ ಗಾರೆ ಕೆಲಸಗಾರ, ಮೈಸೂರು