ಅರ್ಧ ತೀರ್ಪಿಗೆ ಮೇಲ್ಮನವಿ: ಮಗಳಿಗೊಂದು ಪತ್ರ

ತಿಪಟೂರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಅಮ್ಮ ನಿನ್ನ ಮಾವಂದಿರ ಮೇಲೆ ಹಾಕಿದ ಪಾಲಿನ ದಾವೆಯ ತೀರ್ಪು ಬಂದ ಸುದ್ದಿಯನ್ನು ಅಮ್ಮ ನಿನಗೆ ಫೋನಿನಲ್ಲಿ ಹೇಳಿದಳಂತೆ. ಅದಕ್ಕೆ ನೀನು ಕೊಟ್ಟ ಸಲಹೆಯನ್ನೂ ನನಗೆ ಒಪ್ಪಿಸಿದಳು: "ಇನ್ನೂ ಅರ್ಧ ಕೇಸು ಬಾಕಿ ಇದೆಯಲ್ಲ, ಪೂರ್ತಿ ಮುಗಿಯಲಿ. ಆಮೇಲೆ ಎಲ್ಲದಕ್ಕೂ ಸೇರಿಸಿ ಒಂದೇ ಮೇಲ್ಮನವಿ ಹಾಕಿದರಾಯಿತು." ನಿನ್ನ ಕಚೇರಿಯ ಅಮೆರಿಕನ್ ವಕೀಲರೊಬ್ಬರು ಹೀಗೆಂದರಂತೆ. ಅವರ ದೇಶದ ಮಟ್ಟಿಗೆ ಅವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಇಲ್ಲಿ ಆ ಮಾತು ನಂಬಿ ಕುಳಿತರೆ ಅಮ್ಮನ ಕೈಗೆ ಸೈಟು ಬರುವುದೇ ಇಲ್ಲ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿವಿಲ್ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನ ಪತ್ರವಿದು. ನಡುನಡುವೆ ಕಲಮುಗಳು ಬರುತ್ತವೆ, ಸಹಿಸಿಕೋ.

ಮೊದಲು ತೀರ್ಪಿನಲ್ಲಿ ಏನಿದೆ ಎಂದು ಹೇಳುತ್ತೇನೆ, ಏಕೆಂದರೆ ಅಮ್ಮ ಸಂತೋಷದ ಭಾಗವನ್ನಷ್ಟೇ ಹೇಳಿರುತ್ತಾಳೆ. "ವಾದಿಯ ದಾವೆಯನ್ನು ಭಾಗಶಃ ಡಿಕ್ರಿ ಮಾಡಲಾಗಿದೆ" ಎಂದು ಆದೇಶ. ತೆಂಗಿನ ತೋಟ, ರಾಗಿ ಹೊಲ, ಊರಿನ ಮನೆ, ಈ ಮೂರರಲ್ಲೂ ಅಮ್ಮನಿಗೆ ಮೂರನೇ ಒಂದು ಪಾಲು. ಪಟ್ಟಣದ ಸೈಟು ಮಾತ್ರ ದೊಡ್ಡ ಮಾವನ ಸ್ವಯಾರ್ಜಿತ ಎಂದು ತೀರ್ಮಾನಿಸಿ, ಅಷ್ಟರ ಮಟ್ಟಿಗೆ ದಾವೆ ವಜಾ. ಇಷ್ಟು ವರ್ಷ ಮಾವಂದಿರು ಉಂಡ ತೋಟದ ಹುಟ್ಟುವಳಿಯಲ್ಲಿ ಅಮ್ಮನಿಗೆ ಸಲ್ಲಬೇಕಾದ ಹಣವೆಷ್ಟು ಎಂಬುದಕ್ಕೆ ಪ್ರತ್ಯೇಕ ವಿಚಾರಣೆ. ತೋಟದ ಯಾವ ಮಗ್ಗುಲು ಯಾರಿಗೆ, ಬೋರ್‌ವೆಲ್ ಯಾರ ಭಾಗಕ್ಕೆ, ಮನೆಯನ್ನು ಹೇಗೆ ಒಡೆಯುವುದು, ಇದೆಲ್ಲ ಮುಂದಿನ ಮಾತು.

ನೀನು "ಅರ್ಧ ಕೇಸು" ಎಂದದ್ದು ಇದನ್ನೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2(2)ನೇ ಕಲಮಿನ ಪ್ರಕಾರ, ದಾವೆಯ ಎಲ್ಲ ಅಥವಾ ಯಾವುದೇ ವಿವಾದದಲ್ಲಿ ಪಕ್ಷಗಾರರ ಹಕ್ಕನ್ನು ಕೋರ್ಟು ಖಚಿತವಾಗಿ ತೀರ್ಮಾನಿಸಿದರೆ ಅದು ಡಿಕ್ರಿ. ದಾವೆ ಪೂರ್ತಿ ಇತ್ಯರ್ಥವಾಗಲು ಇನ್ನೂ ಕೆಲಸ ಉಳಿದಿದ್ದರೆ ಅದು ಪ್ರಾಥಮಿಕ ಡಿಕ್ರಿ. ಒಂದೇ ಡಿಕ್ರಿ ಸ್ವಲ್ಪ ಪ್ರಾಥಮಿಕ, ಸ್ವಲ್ಪ ಅಂತಿಮ ಆಗಿರಲೂಬಹುದು. ನಮ್ಮದನ್ನೇ ನೋಡು: ತೋಟ, ಹೊಲ, ಮನೆಗಳ ಮಟ್ಟಿಗೆ ಇನ್ನೂ ಅಳತೆ ಆಗಬೇಕು. ಸೈಟಿನ ಮಟ್ಟಿಗೆ ಆ ಕೋರ್ಟಿನಲ್ಲಿ ಮಾಡಲು ಇನ್ನೇನೂ ಉಳಿದಿಲ್ಲ. ಎರಡಕ್ಕೂ 96ನೇ ಕಲಮಿನಡಿ ಮೇಲ್ಮನವಿ ಈಗಲೇ ಇದೆ.

"ಇದೆ ಎಂದ ಮಾತ್ರಕ್ಕೆ ಈಗಲೇ ಹಾಕಬೇಕೆ?" ಎಂದು ನೀನು ಕೇಳುತ್ತೀಯ. ಹಾಕಲೇಬೇಕು. 97ನೇ ಕಲಮು ಬಹಳ ಚಿಕ್ಕದು, ನಿರ್ದಾಕ್ಷಿಣ್ಯವಾದದ್ದು: ಪ್ರಾಥಮಿಕ ಡಿಕ್ರಿಯಿಂದ ಬಾಧಿತನಾದವನು ಅದರ ಮೇಲೆ ಮೇಲ್ಮನವಿ ಹಾಕದಿದ್ದರೆ, ಮುಂದೆ ಅಂತಿಮ ಡಿಕ್ರಿಯ ಮೇಲೆ ಹಾಕುವ ಮೇಲ್ಮನವಿಯಲ್ಲಿ ಅದರ ಸರಿತಪ್ಪನ್ನು ಪ್ರಶ್ನಿಸುವಂತಿಲ್ಲ. ನಮ್ಮ ಕೌಂಟರಿಗೆ ಬರುತ್ತಿದ್ದ ಕಕ್ಷಿದಾರರಲ್ಲಿ ಇದನ್ನು ತಿಳಿಯದವರೇ ಹೆಚ್ಚು. ಅಂತಿಮ ಡಿಕ್ರಿಯ ನಕಲು ಹಿಡಿದು, "ನನ್ನ ಪಾಲೇ ತಪ್ಪು ಸ್ವಾಮಿ" ಎನ್ನುತ್ತಿದ್ದರು. ಪಾಲು ಹೇಳಿ ಆಗಲೇ ವರ್ಷಗಳು ಕಳೆದಿರುತ್ತಿದ್ದವು. ಅಂತಿಮ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಹೆಚ್ಚೆಂದರೆ "ನನಗೆ ಕೊಟ್ಟ ಮಗ್ಗುಲಿಗೆ ದಾರಿಯಿಲ್ಲ", "ಬೆಲೆ ಕಟ್ಟಿದ್ದು ಸರಿಯಿಲ್ಲ" ಎನ್ನಬಹುದು. ಮೂರನೇ ಒಂದು ಎಂಬುದು ಎರಡನೇ ಒಂದು ಆಗಬೇಕಿತ್ತು ಎನ್ನಲು ಬರುವುದಿಲ್ಲ.

ಇದು ಕಠಿಣ ಎನ್ನಿಸಿದರೂ ಹಿಂದಿನ ಕಾರಣ ನನಗೆ ಒಪ್ಪಿಗೆ. ಪ್ರಾಥಮಿಕ ಡಿಕ್ರಿಯ ನಂತರ ನಮ್ಮ ರಾಜ್ಯದ ಕೋರ್ಟುಗಳಲ್ಲಿ ಎಫ್‌ಡಿಪಿ (ಅಂತಿಮ ಡಿಕ್ರಿಯ ಪ್ರಕ್ರಿಯೆ) ಎಂದು ಬೇರೆಯೇ ನಂಬರು ಬೀಳುವುದು ವಾಡಿಕೆ. ಕಂದಾಯ ಕಟ್ಟುವ ಜಮೀನಿನ ವಿಭಾಗ 54ನೇ ಕಲಮಿನಂತೆ ಕಂದಾಯ ಇಲಾಖೆಗೆ ಹೋಗುತ್ತದೆ. ಮನೆಗೆ ಕೋರ್ಟ್ ಕಮಿಷನರ್ ಬರುತ್ತಾರೆ, ನಕ್ಷೆ, ಚೆಕ್ಕುಬಂದಿ, ವರದಿ, ವರದಿಗೆ ತಕರಾರು. ಎಲ್ಲ ಮುಗಿದು ಬಾಂದು ಕಲ್ಲು ನೆಟ್ಟ ಮೇಲೆ ಒಬ್ಬ ಬಂದು ಪಾಲೇ ತಪ್ಪು ಎಂದರೆ, ಊಟ ಬಡಿಸಿದ ಮೇಲೆ ಪಂಕ್ತಿ ಬದಲಿಸಿ ಎಂದಂತೆ.

ಈಗ ನಿನ್ನ ಅಮೆರಿಕನ್ ವಕೀಲರ ಮಾತು. ಅಲ್ಲಿನ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮ 54(ಬಿ) ಪ್ರಕಾರ, ಹಲವು ಬೇಡಿಕೆಗಳಲ್ಲಿ ಅಥವಾ ಹಲವು ಪಕ್ಷಗಾರರಲ್ಲಿ ಕೆಲವರ ಮಟ್ಟಿಗೆ ಮಾತ್ರ ಬಂದ ತೀರ್ಪು ಸಾಮಾನ್ಯವಾಗಿ ಅಂತಿಮವಲ್ಲ. ಪೂರ್ತಿ ಮುಗಿಯುವವರೆಗೆ ಕಾಯಬೇಕು. ತಡಮಾಡಲು ನ್ಯಾಯವಾದ ಕಾರಣವಿಲ್ಲ ಎಂದು ನ್ಯಾಯಾಧೀಶರೇ ಸ್ಪಷ್ಟವಾಗಿ ದಾಖಲಿಸಿ, ಆ ಭಾಗಕ್ಕೆ ಅಂತಿಮ ತೀರ್ಪನ್ನು ನಮೂದಿಸಿದರೆ ಮಾತ್ರ ಮೊದಲೇ ಮೇಲ್ಮನವಿ. ಅಂದರೆ ಅಲ್ಲಿ ನ್ಯಾಯಾಧೀಶರು ಬಾಗಿಲು ತೆರೆಯಬೇಕು. ಇಲ್ಲಿ ಬಾಗಿಲು ತೆರೆದೇ ಇರುತ್ತದೆ, ಹೋಗದೆ ಕುಳಿತವರ ಪಾಲಿಗೆ ಮುಚ್ಚಿಕೊಳ್ಳುತ್ತದೆ.

ಹಾಗೆಂದು ಕೋರ್ಟಿನ ಪ್ರತಿ ಆದೇಶಕ್ಕೂ ಓಡಬೇಕಾಗಿಲ್ಲ. ದಾವೆ ಹಾಕಿದ ಹೊಸದರಲ್ಲಿ ತೋಟ ಮಾರದಂತೆ ತಾತ್ಕಾಲಿಕ ಪ್ರತಿಬಂಧಕಾಜ್ಞೆ ಕೇಳಿದ್ದು ನಿನಗೆ ನೆನಪಿರಬಹುದು. ಅದು ಸಿಗದೆ ಹೋದಾಗ ಕೂಡಲೇ ಮೇಲ್ಮನವಿ ಹಾಕಿದೆವು, ಏಕೆಂದರೆ ಸಂಹಿತೆಯ 43ನೇ ಆದೇಶದ (ಅದರಲ್ಲಿನ ನಿಯಮಗಳ ಗುಂಪಿಗೆ ಆದೇಶ ಎಂದೇ ಹೆಸರು) ಒಂದನೇ ನಿಯಮದ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಆದರೆ ದೊಡ್ಡ ಮಾವನ ಹಳೆಯ ಖಾತೆಯ ದಾಖಲೆಗಳನ್ನು ಬ್ಯಾಂಕಿನಿಂದ ತರಿಸಿ ಎಂಬ ನಮ್ಮ ಮಧ್ಯಂತರ ಅರ್ಜಿ ವಜಾ ಆದಾಗ ನಾವು ಸುಮ್ಮನಿದ್ದೆವು. ಅದು ಆ ಪಟ್ಟಿಯಲ್ಲಿಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದಿತ್ತು. ಅದಕ್ಕೆ ಕಾಲ, ದುಡ್ಡು ಎರಡೂ ಹೋಗುತ್ತಿದ್ದವು, ದಾವೆಯೂ ನಿಲ್ಲುತ್ತಿತ್ತು. ನೀನು ಆಗ "ಸೋತೆವು" ಎಂದು ಅತ್ತೆ. ಸೋತಿರಲಿಲ್ಲ. ಸಂಹಿತೆಯ 105ನೇ ಕಲಮು ಇಂಥ ಆದೇಶಗಳಿಗೆಂದೇ ಇದೆ: ಪ್ರಕರಣದ ತೀರ್ಮಾನದ ಮೇಲೆ ಪರಿಣಾಮ ಬೀರಿದ ತಪ್ಪು ಆದೇಶವನ್ನು, ಮುಂದೆ ಡಿಕ್ರಿಯ ಮೇಲೆ ಹಾಕುವ ಮೇಲ್ಮನವಿಯಲ್ಲಿ ಒಂದು ಆಧಾರವಾಗಿ ಎತ್ತಿಕೊಳ್ಳಬಹುದು. ಕಾದರೆ ಕೆಡದ ಆದೇಶ ಅದು, ಕಾದರೆ ಕೆಡುವ ಡಿಕ್ರಿ ಇದು.

ಇನ್ನು ದಿನಗಳ ಲೆಕ್ಕ. ನಮ್ಮ ದಾವೆಯ ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ, 1963ರ ಕಾಲಮಿತಿ ಅಧಿನಿಯಮದ 116ನೇ ಅನುಚ್ಛೇದದಂತೆ ಅವಧಿ 30 ದಿನ. ಹೈಕೋರ್ಟಿಗಾಗಿದ್ದರೆ 90. ಇಲ್ಲಿ ಬಹಳ ಜನ ಎಡವುತ್ತಾರೆ. ಡಿಕ್ರಿಯನ್ನು ಬರೆದು ಮುಗಿಸುವುದು ಕೆಲವು ದಿನ ತಡವಾದರೂ ಅದರ ಮೇಲೆ ಬೀಳುವುದು ತೀರ್ಪು ಹೇಳಿದ ದಿನದ ತಾರೀಖೇ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಅದೇ ಅಧಿನಿಯಮದ 12ನೇ ಕಲಮು ಕಳೆದುಕೊಡುತ್ತದೆ, ನಿಜ. ಆದರೆ ನಕಲಿಗೆ ಅರ್ಜಿ ಕೊಡುವ ಮೊದಲು ಕೋರ್ಟು ಡಿಕ್ರಿ ಸಿದ್ಧಪಡಿಸಲು ತೆಗೆದುಕೊಂಡ ಕಾಲವನ್ನು ಕಳೆಯುವುದಿಲ್ಲ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. "ಡಿಕ್ರಿ ಇನ್ನೂ ಆಗಿಲ್ಲವಂತೆ, ಆದ ಮೇಲೆ ನಕಲಿಗೆ ಹಾಕೋಣ" ಎಂದು ಮನೆಯಲ್ಲಿ ಕೂತವರು ಆ ದಿನಗಳನ್ನೆಲ್ಲ ಕಳೆದುಕೊಂಡಂತೆ. ನಾನು ತೀರ್ಪಿನ ದಿನ ಸಂಜೆಯೇ ನಕಲು ಅರ್ಜಿ ಕೊಟ್ಟು ಬಂದೆ. ಅಮ್ಮ ಆಗ ದೇವಸ್ಥಾನಕ್ಕೆ ಹೋಗೋಣ ಎನ್ನುತ್ತಿದ್ದಳು. ದೇವರು ಕಾಯುತ್ತಾನೆ, ಕಾಲಮಿತಿ ಕಾಯುವುದಿಲ್ಲ ಎಂದೆ. ಬೈಸಿಕೊಂಡೆ.

ಚಿಕ್ಕ ಮಾವ ಬಂದಿದ್ದ. "ಅಕ್ಕಾ, ಅಣ್ಣ ಹೇಗೂ ಮೂರನೇ ಒಂದು ಪಾಲಿನ ಮೇಲೆ ಮೇಲ್ಮನವಿ ಹಾಕುತ್ತಾನೆ. ಆಗ ನೀನು ಸೈಟಿನ ವಿಷಯ ಎತ್ತು, ಖರ್ಚು ಕಡಿಮೆ" ಎಂದ. ಇದರಲ್ಲಿ ಸ್ವಲ್ಪ ಸತ್ಯವಿದೆ. ಎದುರು ಪಕ್ಷದವರು ಮೇಲ್ಮನವಿ ಹಾಕಿದರೆ, 41ನೇ ಆದೇಶದ 22ನೇ ನಿಯಮದಂತೆ ನೋಟಿಸು ಜಾರಿಯಾದ ಒಂದು ತಿಂಗಳೊಳಗೆ ನಾವು ಪ್ರತ್ಯಾಕ್ಷೇಪಣೆ, ಅಂದರೆ ಅವರ ಮೇಲ್ಮನವಿಯಲ್ಲೇ ಡಿಕ್ರಿಯ ಮೇಲಿನ ನಮ್ಮ ತಕರಾರು, ಸಲ್ಲಿಸಬಹುದು. ಆದರೆ ದೊಡ್ಡ ಮಾವ ಮೇಲ್ಮನವಿಯನ್ನೇ ಹಾಕದಿದ್ದರೆ? ಅವನಿಗೆ ಸೈಟು ಉಳಿದಿದೆ, ಸುಮ್ಮನಿರುವುದೇ ಅವನಿಗೆ ಲಾಭ. ನಮ್ಮ ಹಕ್ಕನ್ನು ಅವನ ಸಿಟ್ಟಿನ ಮೇಲೆ ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ. ರಾಜಿಯ ಮಾತೂ ಬಂತು. ಮಾಡಿಕೊಳ್ಳಬಹುದು, ಮನಸ್ಸಿದ್ದರೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಒಪ್ಪಿಗೆಯಿಂದಾದ ಡಿಕ್ರಿಯ ಮೇಲೆ ಮೇಲ್ಮನವಿಯಿಲ್ಲ ಎಂಬುದನ್ನು ತಿಳಿದು ಸಹಿ ಹಾಕು ಎಂದು ಅಮ್ಮನಿಗೆ ಹೇಳಿದ್ದೇನೆ.

ನೀನು ಕಳುಹಿಸಿದ ಆ ಸುಪ್ರೀಂ ಕೋರ್ಟ್ ತೀರ್ಪನ್ನೂ ಓದಿದೆ. 2011ರ ಪ್ರೇಮಾ ವಿರುದ್ಧ ನಂಜೇಗೌಡ, ನಮ್ಮ ರಾಜ್ಯದ್ದೇ ಪ್ರಕರಣ. ಅಲ್ಲಿ ಪ್ರಾಥಮಿಕ ಡಿಕ್ರಿಯಾದ ಮೇಲೂ ಮಗಳ ಪಾಲನ್ನು ಹೆಚ್ಚಿಸಿದರಲ್ಲ, ನಮಗೇಕೆ ಆಗದು ಎಂಬುದು ನಿನ್ನ ವಾದ. ಬುದ್ಧಿವಂತಿಕೆಯ ಪ್ರಶ್ನೆ, ಆದರೆ ಸಂದರ್ಭ ಬೇರೆ. ಅಲ್ಲಿ ಪ್ರಾಥಮಿಕ ಡಿಕ್ರಿ 1992ರದು. ಅದರ ನಂತರ, 1994ರ ಜುಲೈ 30ರಿಂದ, ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಕರ್ನಾಟಕ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟು. ಅಂತಿಮ ಡಿಕ್ರಿ ಇನ್ನೂ ಆಗಿರಲಿಲ್ಲವಾದ್ದರಿಂದ ಬದಲಾದ ಕಾನೂನಿನಂತೆ ಪಾಲನ್ನು ತಿದ್ದಬೇಕು ಎಂದಿತು ಸುಪ್ರೀಂ ಕೋರ್ಟ್. ಪಾಲುದಾರನೊಬ್ಬ ನಡುವೆ ತೀರಿಕೊಂಡು ಪಾಲು ಹೆಚ್ಚುಕಡಿಮೆಯಾದರೂ ಹಾಗೆಯೇ. ಒಂದೇ ದಾವೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಥಮಿಕ ಡಿಕ್ರಿ ಆಗಬಹುದು ಎಂದು 1967ರಲ್ಲೇ ತೀರ್ಮಾನವಾಗಿದೆ. ಅಲ್ಲೆಲ್ಲ ಡಿಕ್ರಿಯ ನಂತರ ಏನೋ ಬದಲಾಗಿತ್ತು. ನಮ್ಮಲ್ಲಿ ಏನೂ ಬದಲಾಗಿಲ್ಲ. ಮದುವೆಯಾದವಳು ಎಂಬ ತೊಡಕು ಅಮ್ಮನಿಗೆ 2005ರ ಕೇಂದ್ರ ತಿದ್ದುಪಡಿಯಿಂದಲೇ ನೀಗಿತು, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಭದ್ರಪಡಿಸಿತು. ಸೈಟಿನ ವಿಷಯದಲ್ಲಿ ನಮ್ಮ ತಕರಾರು ನ್ಯಾಯಾಧೀಶರು ಸಾಕ್ಷ್ಯವನ್ನು ತೂಗಿದ ಬಗೆಯ ಮೇಲೆ. ಅದಕ್ಕೆ ಮೇಲ್ಮನವಿಯೊಂದೇ ದಾರಿ.

ಮೇಲ್ಮನವಿ ಹಾಕಿದರೆ ತೋಟದ ಅಳತೆ ನಿಂತುಹೋಗುತ್ತದೆಂಬ ಭಯವೂ ಬೇಡ. ತಡೆಯಾಜ್ಞೆ ಕೊಡದ ಹೊರತು ಮೇಲ್ಮನವಿಯೊಂದರಿಂದಲೇ ಕೆಳಗಿನ ಕೆಲಸ ನಿಲ್ಲುವುದಿಲ್ಲ. ಪ್ರಾಥಮಿಕ ಡಿಕ್ರಿಯಾದ ಮೇಲೆ ಹೊಸ ಅರ್ಜಿಗೆ ಕಾಯದೆ ಕೋರ್ಟುಗಳೇ ಅಂತಿಮ ಡಿಕ್ರಿಯ ಕಡೆಗೆ ಸಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದ್ದೂ ಇದೆ. ನಡುವೆ ಅಂತಿಮ ಡಿಕ್ರಿ ಬಂದರೂ ನಮ್ಮ ಮೇಲ್ಮನವಿ ವ್ಯರ್ಥವಾಗದು. ಪ್ರಾಥಮಿಕ ಡಿಕ್ರಿ ಬಿದ್ದರೆ ಅದನ್ನು ಆಧರಿಸಿದ ಅಂತಿಮ ಡಿಕ್ರಿಯೂ ಅದರೊಂದಿಗೆ ಬೀಳುತ್ತದೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಸೈಟು ಕೊಂಡ ಕಾಲಕ್ಕೆ ತಾತ ಕೊಬ್ಬರಿ ಮಾರಿದ ಮಂಡಿಯ ಪಟ್ಟಿಗಳನ್ನು ನೀನು ಹಿಂದಿನ ಸಲ ಬಂದಾಗ ಸ್ಕ್ಯಾನ್ ಮಾಡಿಕೊಂಡಿದ್ದೆ. ಅವು ನಿಶಾನೆ ಪಿ. 7 ಎಂದು ಕೋರ್ಟಿನಲ್ಲಿ ಗುರುತಾಗಿವೆ, ಆದರೆ ನಮ್ಮ ಬಳಿಯ ಪ್ರತಿ ಮಸುಕಾಗಿದೆ. ಮೇಲಿನ ಕೋರ್ಟಿನಲ್ಲಿ ಹೊಸ ಸಾಕ್ಷ್ಯ ಸುಲಭವಾಗಿ ಸೇರುವುದಿಲ್ಲ. ಆದರೆ ಕೆಳಗಿನ ಕೋರ್ಟು ಸ್ವೀಕರಿಸಬೇಕಿದ್ದ ಸಾಕ್ಷ್ಯವನ್ನು ನಿರಾಕರಿಸಿದ್ದರೆ 41ನೇ ಆದೇಶದ 27ನೇ ನಿಯಮದಲ್ಲಿ ಅವಕಾಶವಿದೆ. ಬ್ಯಾಂಕಿನ ದಾಖಲೆ ತರಿಸಲು ಒಪ್ಪದ ಆ ಆದೇಶ ಈಗ ನಮ್ಮ ಮೇಲ್ಮನವಿಯ ಮೊದಲ ಆಧಾರ. ಮಂಡಿಯ ಪಟ್ಟಿಯ ತಾರೀಖನ್ನೂ ದೊಡ್ಡ ಮಾವನ ಆ ಖಾತೆಗೆ ಹಣ ಬಂದ ತಾರೀಖನ್ನೂ ಪಕ್ಕಪಕ್ಕ ಇಟ್ಟು, ಸೈಟಿಗೆ ಹೋದದ್ದು ತಾತನ ಹಣವೆಂದು ತೋರಿಸಬೇಕು ಎಂದು ನಮ್ಮ ವಕೀಲರು ಹೇಳಿದ್ದಾರೆ. ಪುಟಗಳು ಹಿಂದುಮುಂದಾಗದಂತೆ, ಪ್ರತಿ ಹಾಳೆಯ ಎರಡೂ ಮಗ್ಗುಲು ಸೇರಿಸಿ, ಈ ಭಾನುವಾರದೊಳಗೆ ಇಮೇಲ್ ಮಾಡು. ಅಮ್ಮನ ಮೊಬೈಲಿಗೆ ಕಳುಹಿಸಬೇಡ, ಅಲ್ಲಿ ಅಕ್ಷರ ಚಿಕ್ಕದಾಗಿ ಬರುತ್ತದೆ.

ಅಳಿಯಂದಿರಿಗೆ ನೆನಪು ಹೇಳು.

ಇಂತಿ,
ನಿನ್ನ ಅಪ್ಪ