ನಿನ್ನ ಲೆಕ್ಕದ ಪುಸ್ತಕ ನಿನ್ನ ಬಳಿಯೇ ಇರಲಿ

ಚಿರಂಜೀವಿ ಪುಟ್ಟಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು. ನಾನಿಲ್ಲಿ ಬೆಂಗಳೂರಿನಲ್ಲಿ ಕ್ಷೇಮ. ಸಾಗರದಲ್ಲಿ ನೀವೆಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ನಿನಗೆ ಕೆಲಸ ಸಿಕ್ಕ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಾ ಅಕ್ಕ, "ಅಷ್ಟು ದೊಡ್ಡ ಕಂಪನಿ, ಇನ್ನು ಅವಳ ಚಿಂತೆಯಿಲ್ಲ" ಎಂದಳು. ಅವಳ ಸಂತೋಷದ ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ 1996ರಿಂದ 2023ರವರೆಗೆ, ಇಪ್ಪತ್ತೇಳು ವರ್ಷ, ಅಂಥದೇ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ದುಡಿದವಳಾಗಿ ನಿನಗೆ ಹೇಳಲೇಬೇಕಾದ ಮಾತೊಂದಿದೆ. ಫೋನಿನಲ್ಲಿ ಹೇಳಿದರೆ ಅದು ಅರ್ಧದಲ್ಲೇ ಹಾರಿಹೋದೀತು ಎಂದು ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಏಕೆಂದರೆ ಅದು ನಿಜ. ಸೇರಿದ ಎರಡನೆಯ ವರ್ಷ, ಪರೀಕ್ಷೆಗೆ ಇಟ್ಟ ಡೇಟಾಬೇಸ್ ಎಂದು ತಿಳಿದು ಗ್ರಾಹಕರ ಡೇಟಾಬೇಸಿನ ಒಂದು ಟೇಬಲ್ಲನ್ನೇ ಅಳಿಸಿಬಿಟ್ಟೆ. ನನ್ನ ಕೈಕಾಲು ತಣ್ಣಗಾದವು. ತಂಡದ ಹಿರಿಯರೊಬ್ಬರು ಒಂದು ಕಟುಮಾತನ್ನೂ ಆಡದೆ ಬೆಳಗಿನ ಜಾವದವರೆಗೆ ನನ್ನೊಡನೆ ಕೂತು ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತಂದರು. ಮರುದಿನ ಅವರು ಬರೆದ ವರದಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಹೊಸಬರಿಗೆ ಅಳಿಸುವ ಅನುಮತಿ ಏಕೆ ಇತ್ತು, ಎರಡು ಡೇಟಾಬೇಸುಗಳ ಪರದೆಗಳು ಒಂದೇ ರೀತಿ ಏಕೆ ಕಾಣುತ್ತಿದ್ದವು ಎಂಬ ಎರಡೇ ಪ್ರಶ್ನೆಗಳಿದ್ದವು. ತಪ್ಪನ್ನು ಹೀಗೆ ನೋಡುವ ಪಾಠವನ್ನು ನಾನು ಯಾವ ಕಾಲೇಜಿನಲ್ಲಿಯೂ ಕಲಿತಿರಲಿಲ್ಲ. ಇನ್ನೊಂದು, ದೊಡ್ಡ ಕಂಪನಿಯಲ್ಲಿ ಓದಲು ಸಿಗುವ ಕೋಡ್. ಗೂಗಲ್‌ನ ಇಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಅವರ ಒಂದೇ ಕೋಡ್ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲುಗಳಿದ್ದವು, ಮತ್ತು ಅದರ ಬಹುಭಾಗವನ್ನು ಅಲ್ಲಿನ ಇಂಜಿನಿಯರುಗಳು ತೆರೆದು ಓದಬಹುದಾಗಿತ್ತು. ನಿನ್ನ ಕಂಪನಿ ಎಷ್ಟನ್ನು ತೆರೆದಿಡುತ್ತದೋ ಅಷ್ಟನ್ನೂ ಓದು. ನಿನ್ನ ಕೋಡನ್ನು ಯಾರಾದರೂ ನಿಷ್ಠುರವಾಗಿ ತಿದ್ದಿದರೆ ಅವರನ್ನು ಬಿಡಬೇಡ, ಮುಂದಿನ ಸಲವೂ ಅವರಿಗೇ ಕಳುಹಿಸು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ನಿನಗೊಂದು ರೇಟಿಂಗ್, ಅಂದರೆ ನಿನ್ನ ಕೆಲಸವನ್ನು ಅಳೆದು ಕೊಡುವ ಅಂಕಿ, ಬರುತ್ತದೆ. ಅದನ್ನು ಕೊಡುವವರು ನಿನ್ನ ಮ್ಯಾನೇಜರ್ ಎಂದು ನೀನು ಅಂದುಕೊಳ್ಳುವೆ. ಅವರು ಕೊಡುವುದು ಒಂದು ಪ್ರಸ್ತಾವ ಮಾತ್ರ. ಆ ಬಳಿಕ ಹಲವು ತಂಡಗಳ ಮ್ಯಾನೇಜರುಗಳು ಒಂದು ಕೋಣೆಯಲ್ಲಿ ಸೇರಿ ಎಲ್ಲರ ರೇಟಿಂಗುಗಳನ್ನು ಹೋಲಿಸಿ ತೀರ್ಮಾನಿಸುತ್ತಾರೆ. ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ನಿನ್ನ ಇಡೀ ವರ್ಷದ ದುಡಿಮೆ ಅಲ್ಲಿ ನಾಲ್ಕೈದು ನಿಮಿಷಗಳ ಮಾತಾಗುತ್ತದೆ. ಅಲ್ಲಿ ನೀನಿರುವುದಿಲ್ಲ. ನಿನ್ನ ಪರವಾಗಿ ಮಾತನಾಡುವವರಿಗೆ ನಿನ್ನ ಕೆಲಸ ಎಷ್ಟು ನೆನಪಿದೆಯೋ ಅಷ್ಟೇ ಅಲ್ಲಿ ನಿನ್ನ ಕೆಲಸ.

2009ರಲ್ಲಿ ನನಗಾದದ್ದು ಇದು. ಎಂಟು ತಿಂಗಳು ಹಗಲಿರುಳೆನ್ನದೆ ಒಂದು ಹಳೆಯ ವ್ಯವಸ್ಥೆಯನ್ನು ಹೊಸದಕ್ಕೆ ಸಾಗಿಸಿದ್ದೆ. ಸೆಪ್ಟೆಂಬರಿನಲ್ಲಿ ತಂಡಗಳನ್ನು ಮರುಜೋಡಿಸಿದರು, ಹೊಸ ಮ್ಯಾನೇಜರ್ ಬಂದರು, ಹಳಬರು ಬೇರೆ ವಿಭಾಗಕ್ಕೆ ಹೋದರು. ಡಿಸೆಂಬರಿನಲ್ಲಿ ನನಗೆ ಕೊನೆಯಿಂದ ಎರಡನೆಯ ದರ್ಜೆ ಬಂತು. ಏಕೆಂದು ಕೇಳಿದರೆ, ಈ ವರ್ಷ ನಿಮ್ಮ ಕೆಲಸದ ಪರಿಣಾಮ ಕಾಣಿಸಲಿಲ್ಲ ಎಂದರು. ಆ ಎಂಟು ತಿಂಗಳಲ್ಲಿ ಏನೇನು ಮಾಡಿದೆ ಎಂದು ಅವರ ಮುಂದೆ ಹೇಳಲು ಹೊರಟರೆ ನನಗೇ ಮೂರು ಸಂಗತಿಗಳಿಗಿಂತ ಹೆಚ್ಚು ನೆನಪಾಗಲಿಲ್ಲ. ಅವತ್ತು ರಾತ್ರಿ ನಾನು ಅತ್ತದ್ದು ಹಣಕ್ಕಾಗಿ ಅಲ್ಲ. ಆ ಅಂಕಿಯೇ ನಾನು ಎಂದು ನಂಬಿಬಿಟ್ಟಿದ್ದೆ. ಮುಂದಿನ ಆರು ತಿಂಗಳು ಮೀಟಿಂಗುಗಳಲ್ಲಿ ಬಾಯಿ ತೆರೆಯಲಿಲ್ಲ. ಆ ಆರು ತಿಂಗಳಿಗಾಗಿ ನನಗೆ ಇಂದಿಗೂ ದುಃಖವಿದೆ.

ಆಮೇಲೆ ಊರಿಗೆ ಬಂದಾಗ ನಿನ್ನ ಅಜ್ಜ ಅಡಿಕೆಯನ್ನು ಮಂಡಿಗೆ ಸಾಗಿಸುವುದನ್ನು ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಮೂಟೆ ಗಾಡಿ ಹತ್ತುವ ಮೊದಲೇ ಅಜ್ಜ ತೂಕವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಂಡಿಯವರ ಮೇಲೆ ಅವರಿಗೆ ಅಪನಂಬಿಕೆಯಿರಲಿಲ್ಲ, ಒಂದೇ ಮಂಡಿಯೊಡನೆ ಜೀವನವಿಡೀ ವ್ಯವಹಾರ ಮಾಡಿದವರು ಅವರು. ಆದರೂ ಮಂಡಿಯ ಪಟ್ಟಿ ಮಂಡಿಯದು, ತೋಟದ ಲೆಕ್ಕ ತೋಟದವನದು. ಇನ್ನೂ ಒಂದು ಮಾತು: ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸುವಾಗ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ನೂರು ಮೂಟೆಯಲ್ಲಿ ಹತ್ತನ್ನು ಕಡ್ಡಾಯವಾಗಿ ಕೆಳದರ್ಜೆಗೆ ತಳ್ಳಲೇಬೇಕು ಎಂಬ ನಿಯಮ ಯಾವ ಮಂಡಿಯಲ್ಲಿಯೂ ಇಲ್ಲ. ಮನುಷ್ಯರಿಗೆ ಮಾತ್ರ ಅಂಥ ನಿಯಮವನ್ನು ಮಾಡಿದರು. ಮೈಕ್ರೋಸಾಫ್ಟ್‌ನಲ್ಲಿ ಅದು ವರ್ಷಗಟ್ಟಲೆ ನಡೆದು, 2013ರ ನವೆಂಬರಿನಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ತಂಡದಲ್ಲಿ ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ ಯಾರಾದರೊಬ್ಬರು ಕೆಳಗೆ ಇಳಿಯಲೇಬೇಕು ಎಂದಾದಾಗ, ಬುದ್ಧಿವಂತರ ಪಕ್ಕದಲ್ಲಿ ಕೂರಲು ಬುದ್ಧಿವಂತರೇ ಹಿಂಜರಿಯುತ್ತಾರೆ. ಹೆಸರು ಬದಲಾಯಿಸಿಕೊಂಡು ಈ ಪದ್ಧತಿ ಹಲವೆಡೆ ಇನ್ನೂ ಬದುಕಿದೆ. ಆದ್ದರಿಂದ ನಿನಗೆ ಬರುವ ಅಂಕಿಯಲ್ಲಿ ನಿನ್ನ ಕೆಲಸ ಎಷ್ಟು, ಮೊದಲೇ ಎಳೆದಿಟ್ಟ ಗೆರೆ ಎಷ್ಟು ಎಂಬುದು ನಿನಗೆ ಎಂದೂ ಪೂರ್ತಿ ತಿಳಿಯುವುದಿಲ್ಲ. ಕೆಟ್ಟ ಅಂಕಿ ಬಂದಾಗ ಇದು ನೆನಪಿರಲಿ. ಒಳ್ಳೆಯ ಅಂಕಿ ಬಂದಾಗ ಇನ್ನೂ ಹೆಚ್ಚು ನೆನಪಿರಲಿ, ಪುಟ್ಟಿ.

ಆ ವರ್ಷದಿಂದ ನಾನು ಅಜ್ಜನಂತೆಯೇ ಒಂದು ಪುಸ್ತಕವಿಟ್ಟೆ. ಪ್ರತಿ ಶುಕ್ರವಾರ ಮನೆಗೆ ಹೊರಡುವ ಮೊದಲು ಹತ್ತು ನಿಮಿಷ: ಈ ವಾರ ಏನು ಮಾಡಿದೆ, ಅದರಿಂದ ಯಾರಿಗೆ ಏನಾಯಿತು, ಏನು ಕಲಿತೆ, ಯಾರು ಸಹಾಯ ಮಾಡಿದರು. ಕೊನೆಯ ಪ್ರಶ್ನೆಯನ್ನು ಬಿಡಬೇಡ. ರಿವ್ಯೂ, ಅಂದರೆ ರೇಟಿಂಗಿಗಾಗಿ ಕೆಲಸವನ್ನು ಅಳೆಯುವ ಸಮಯ, ಬಂದಾಗ ಅವರ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬರೆಯಲು ಅದೇ ಆಧಾರ. ಕಂಪನಿಯ ಕೋಡನ್ನಾಗಲಿ, ಗ್ರಾಹಕರ ಹೆಸರನ್ನಾಗಲಿ, ಗುಟ್ಟಿನ ಅಂಕಿಗಳನ್ನಾಗಲಿ ಅದರಲ್ಲಿ ಬರೆಯಕೂಡದು, ಅದು ನಿನ್ನ ಒಪ್ಪಂದಕ್ಕೆ ವಿರುದ್ಧ. ಬೇಕಾದ್ದು ನಿನ್ನ ದುಡಿಮೆಯ ಲೆಕ್ಕ ಮಾತ್ರ. ಮತ್ತು ಅದು ಕಂಪನಿಯ ಲ್ಯಾಪ್‌ಟಾಪಿನಲ್ಲಿರಬಾರದು, ಕಾಗದದ ಮೇಲೆಯೇ ಇರಬೇಕು. ಏಕೆ ಎಂದು ಮುಂದೆ ಹೇಳುತ್ತೇನೆ.

ರಾತ್ರಿಯ ಮೀಟಿಂಗುಗಳ ಲೆಕ್ಕವೂ ಅದರಲ್ಲಿ ಇರಲಿ. ಅಮೆರಿಕದ ಪಶ್ಚಿಮ ಕರಾವಳಿ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಗಡಿಯಾರ ಬದಲಾಯಿಸುವ ನವೆಂಬರಿನಲ್ಲಿ ಅಲ್ಲಿನ ಸಹೋದ್ಯೋಗಿಗಳೊಡನೆ ನಿನ್ನ ರಾತ್ರಿ ಒಂಬತ್ತು ಗಂಟೆಯ ಮೀಟಿಂಗ್ ಯಾರೂ ಕೇಳದೆಯೇ ಹತ್ತಕ್ಕೆ ಜಾರುತ್ತದೆ. ವಾರಕ್ಕೆ ಎಷ್ಟು ರಾತ್ರಿ ಹೋದವು ಎಂದು ಬರೆದಿಟ್ಟಿದ್ದರಿಂದಲೇ ನಾನೊಮ್ಮೆ, ತಿಂಗಳಲ್ಲಿ ಎರಡು ವಾರ ಅವರು ರಾತ್ರಿ ಕೂರಲಿ, ಎರಡು ವಾರ ನಾವು ಕೂರುತ್ತೇವೆ ಎಂದು ಧೈರ್ಯವಾಗಿ ಕೇಳಿದೆ. ಅವರು ತಕ್ಷಣ ಒಪ್ಪಿದರು. ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಕೇಳಿರಲೇ ಇಲ್ಲ.

ಇನ್ನು ಅಕ್ಕನಿಗೆ ನಾನು ಹೇಳದೆ ಉಳಿಸಿದ ಸಂಗತಿ. 2023ರಲ್ಲಿ ನಾನಾಗಿ ಕೆಲಸ ಬಿಡಲಿಲ್ಲ. ಆ ವರ್ಷದ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನು, ಮೈಕ್ರೋಸಾಫ್ಟ್ 10,000 ಜನರನ್ನು ತೆಗೆಯುವುದಾಗಿ ಪ್ರಕಟಿಸಿದವು. ಅದಕ್ಕೆ ಎರಡು ತಿಂಗಳು ಮೊದಲು ಫೇಸ್‌ಬುಕ್ಕಿನ ಒಡೆತನದ ಕಂಪನಿ ಮೆಟಾ 11,000ಕ್ಕೂ ಹೆಚ್ಚು ಜನರನ್ನು ತೆಗೆದಿತ್ತು. ದಶಕಗಳ ಕಾಲ ದುಡಿದವರೂ ಒಂದು ಇಮೇಲಿನಿಂದ ಸುದ್ದಿ ತಿಳಿದರು. ನಾನಿದ್ದ ಕಂಪನಿಯಲ್ಲಿ ಅದು ಹದಿನೈದು ನಿಮಿಷಗಳ ವಿಡಿಯೋ ಕರೆ. ಹಿಂದಿನ ವರ್ಷ ನನಗೆ ಅತ್ಯುತ್ತಮ ದರ್ಜೆ ಬಂದಿತ್ತು. ಕರೆ ಮುಗಿದ ಒಂದು ಗಂಟೆಯೊಳಗೆ ಲ್ಯಾಪ್‌ಟಾಪ್ ಬಂದಾಯಿತು. ಮೇಲ್, ನಾನು ಬರೆದ ಡಿಸೈನ್ ಡಾಕ್ಯುಮೆಂಟುಗಳು, ಸಹೋದ್ಯೋಗಿಗಳು ಬರೆದ ಮೆಚ್ಚುಗೆಯ ಮಾತುಗಳು, ಎಲ್ಲವೂ ಹೋದವು. ಮನೆಯ ಕಪಾಟಿನಲ್ಲಿದ್ದ ಹದಿನಾಲ್ಕು ಲೆಕ್ಕದ ಪುಸ್ತಕಗಳು ಮಾತ್ರ ಉಳಿದವು. ಆ ವಾರವಿಡೀ ಅವನ್ನೇ ಓದುತ್ತಾ ಕೂತಿದ್ದೆ. ಈಗ ನಾನು ಸಣ್ಣ ಕಂಪನಿಗಳಿಗೆ ಮಾಡಿಕೊಡುತ್ತಿರುವ ಕೆಲಸವೆಲ್ಲ ಆ ಪುಟಗಳಿಂದ ಎದ್ದು ಬಂದದ್ದು. 2009ರಂತೆ ಈ ಸಲ ನಾನು ಕುಸಿಯಲಿಲ್ಲ. ನಿನ್ನ ಅಮ್ಮನಿಗೆ ಇದನ್ನು ನೀನು ಹೇಳಬೇಡ, ಹಬ್ಬಕ್ಕೆ ಬಂದಾಗ ನಾನೇ ಕೂತು ಹೇಳುತ್ತೇನೆ.

ಉಳಿದವು ಸಣ್ಣ ಮಾತುಗಳು, ಆದರೆ ಮರೆಯುವಂಥವಲ್ಲ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ ಹತ್ತು ಜನರಿಗಿಂತ ಕಡಿಮೆಯಿಲ್ಲದ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರುತ್ತಾರೆ. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಸೇರಿದ ವಾರವೇ ಆ ಸಮಿತಿಯವರ ಹೆಸರುಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೋ, ಅಗತ್ಯ ಎಂದೂ ಬಾರದಿರಲಿ. ಕಂಪನಿ ಕೊಡುವ ಷೇರುಗಳನ್ನು ಸಂಬಳವೆಂದು ಎಣಿಸಿ ಸಾಲ ಮಾಡಬೇಡ. ಅವು ವರ್ಷಗಳಲ್ಲಿ ಹಂಚಿ ಕೈಗೆ ಬರುತ್ತವೆ, ಬಂದ ದಿನವೇ ಸಂಬಳದಂತೆ ತೆರಿಗೆ ಬೀಳುತ್ತದೆ, ನಡುವೆ ಹೊರಬಿದ್ದರೆ ಉಳಿದವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ವಿದೇಶಿ ಕಂಪನಿಯ ಷೇರಾದರೆ ತೆರಿಗೆ ರಿಟರ್ನಿನಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಬೇಕು.

ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ ಮಲ್ಲೇಶ್ವರದ ಮನೆಗೆ ಬಾ. ಆಫರ್ ಪತ್ರವನ್ನು ತಾ, ಷೇರು ಮತ್ತು ನೋಟಿಸ್ ಅವಧಿಯ ಪುಟಗಳನ್ನು ಇಬ್ಬರೂ ಕೂತು ಓದೋಣ. ನಿನಗೆಂದು ಗಟ್ಟಿ ರಟ್ಟಿನ, ಗೆರೆ ಹಾಕಿದ ಒಂದು ಪುಸ್ತಕ ತಂದಿಟ್ಟಿದ್ದೇನೆ. ಬರುವಾಗ ಅಕ್ಕನ ಕೈಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮರೆಯದೆ ತಾ.

ಇಂತಿ,
ನಿನ್ನ ಪ್ರೀತಿಯ ಚಿಕ್ಕಮ್ಮ