ಒಂದು ಸೀಕಿಂಗ್ ಹೆಲಿಕಾಪ್ಟರ್ ಶಿವಮೊಗ್ಗಕ್ಕೂ ಬರಲಿ

ಸಂಪಾದಕರಿಗೆ ನಮಸ್ಕಾರ,

ಸಬ್‌ಮರೀನ್ ಹುಡುಕೋ ನೌಕಾಪಡೆಯ ಹಳೇ ಸೀಕಿಂಗ್ ಹೆಲಿಕಾಪ್ಟರ್‌ಗಳ ಜಾಗಕ್ಕೆ ಅಮೆರಿಕದ ಎಂಎಚ್-60 ರೋಮಿಯೋ ಬರ್ತಾ ಇವೆ, ಒಟ್ಟು 24ಕ್ಕೆ 2020ರಲ್ಲೇ ಒಪ್ಪಂದ ಆಗಿದೆ, 2024ರ ಮಾರ್ಚ್ 6ಕ್ಕೆ ಕೊಚ್ಚಿಯಲ್ಲಿ ಅದರ ಮೊದಲ ಸ್ಕ್ವಾಡ್ರನ್ (ಹೆಲಿಕಾಪ್ಟರ್ ತಂಡ) 334 ಶುರುನೂ ಆಯ್ತು. ಹೊಸದು ಬರಲಿ, ಸಂತೋಷ. ಆದರೆ ಹಳೇದರ ಕಥೆ ಏನು ಅಂತ ಯಾರೂ ಬರೀತಾ ಇಲ್ಲ ಸಾರ್. ತೇಜಸ್ ಬಗ್ಗೆ, ರಫೇಲ್ ಬಗ್ಗೆ ಎಷ್ಟು ಪುಟ ಬೇಕಾದ್ರೂ ಬರುತ್ತೆ, ನೌಕಾಪಡೆ ಹೆಲಿಕಾಪ್ಟರ್ ಸ್ಕ್ವಾಡ್ರನ್ ಅಂದ್ರೆ ಶಿವಮೊಗ್ಗದ ಕಾಲೇಜು ಹುಡುಗರಿಗೂ ಗೊತ್ತಿಲ್ಲ, ಅದಕ್ಕೇ ಈ ಪತ್ರ ಬರೀತಾ ಇದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಹಾಕಿ.

ಸೀಕಿಂಗ್ ಹಾರಿಸೋದಕ್ಕೆ ಅಂತ ನಮ್ಮಲ್ಲಿ ಕಟ್ಟಿದ ಮೊದಲ ಸ್ಕ್ವಾಡ್ರನ್ ಅಂದ್ರೆ ಐಎನ್‌ಎಎಸ್ (ನೌಕಾಪಡೆಯ ವಿಮಾನ ಸ್ಕ್ವಾಡ್ರನ್) 330, ಹಾರ್ಪೂನ್ಸ್ ಅಂತ ಹೆಸರು. 1971ರ ಏಪ್ರಿಲ್ 17ಕ್ಕೆ ಕೊಚ್ಚಿಯ ಐಎನ್‌ಎಸ್ ಗರುಡ ಅನ್ನೋ ನೌಕಾ ವಾಯುನೆಲೆಯಲ್ಲಿ ಶುರು ಆಗಿದ್ದು, ಮಿಷಿನ್ ಮಾಡಿಕೊಟ್ಟಿದ್ದು ಇಂಗ್ಲೆಂಡಿನ ವೆಸ್ಟ್‌ಲ್ಯಾಂಡ್ ಕಂಪನಿ. ಶುರುವಾಗಿ ಎಂಟು ತಿಂಗಳು ತುಂಬೋ ಮೊದಲೇ ಯುದ್ಧ ಬಂತು. ವಿಮಾನ ಹೊತ್ತೊಯ್ಯೋ ವಿಕ್ರಾಂತ್ ಹಡಗು ಬಂಗಾಳ ಕೊಲ್ಲಿ ಕಡೆ ಹೋಗಿತ್ತು, ಸೀಕಿಂಗ್‌ಗಳು ಈ ಕಡೆ ಅರಬ್ಬಿ ಸಮುದ್ರದ ಕಾವಲಿಗೆ ಉಳಿದವು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹ್ಯಾಂಗೋರ್ ಅನ್ನೋ ಸಬ್‌ಮರೀನ್ ನಮ್ಮ ಐಎನ್‌ಎಸ್ ಖುಕ್ರಿ ಹಡಗಿಗೆ ಟಾರ್ಪೆಡೊ (ನೀರೊಳಗೆ ಹೋಗೋ ಸ್ಫೋಟಕ) ಹೊಡೀತು. 18 ಆಫೀಸರ್‌ಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಬೇರೆಯವರನ್ನ ಕಳಿಸಿ ತಾವು ಹಡಗು ಬಿಟ್ಟು ಬರಲಿಲ್ಲ, ಅವರಿಗೆ ಮಹಾವೀರ ಚಕ್ರ ಬಂತು. ಆಮೇಲೆ ದಿನಗಟ್ಟಲೆ ಹುಡುಕಾಟ ನಡೀತು, ಹೊಸದಾಗಿ ಬಂದಿದ್ದ ಸೀಕಿಂಗ್‌ಗಳೂ ಆ ಹುಡುಕಾಟಕ್ಕೆ ಹೋದವು, ಆದರೆ ಹ್ಯಾಂಗೋರ್ ತಪ್ಪಿಸಿಕೊಂಡು ಕರಾಚಿ ಸೇರಿತು. ಖುಕ್ರಿ ಮೇಲೆ ಒಂದು ಸೀಕಿಂಗ್ ಇದ್ದಿದ್ರೆ ಅಂತ ನನಗೆ ಯಾವಾಗಲೂ ಅನ್ಸುತ್ತೆ, ಆದರೆ ಆಗಿನ ಆ ಸಣ್ಣ ಹಡಗಲ್ಲಿ ಅಷ್ಟು ದೊಡ್ಡ ಹೆಲಿಕಾಪ್ಟರ್ ಇಳಿಯೋಕೆ ಜಾಗವೇ ಇರಲಿಲ್ಲ.

ಹೆಲಿಕಾಪ್ಟರ್ ಇದ್ರೆ ಏನು ಆಗ್ತಿತ್ತು ಅಂತ ಕೇಳೋರಿಗೆ ಇದನ್ನ ಹೇಳಲೇಬೇಕು. ಸಮುದ್ರದಲ್ಲಿ ಮೇಲಿನ ನೀರು ಬೆಚ್ಚಗೆ, ಕೆಳಗಿಂದು ತಣ್ಣಗೆ, ಈ ಎರಡು ಸೇರೋ ಜಾಗದಲ್ಲಿ ಶಬ್ದ ನೇರವಾಗಿ ಹೋಗಲ್ಲ, ಬಾಗಿಬಿಡುತ್ತೆ. ಹಡಗಿನ ತಳದಲ್ಲಿರೋ ಸೋನಾರ್, ಅಂದ್ರೆ ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ಹುಡುಕೋ ಯಂತ್ರ, ಎಷ್ಟು ಕೂಗಿದ್ರೂ ಆ ಪದರದ ಕೆಳಗೆ ಅಡಗಿರೋ ಸಬ್‌ಮರೀನ್ ಸುಲಭಕ್ಕೆ ಸಿಗಲ್ಲ. ಸೀಕಿಂಗ್ ಏನು ಮಾಡುತ್ತೆ ಅಂದ್ರೆ, ನೀರಿಂದ ಹತ್ತು ಹದಿನೈದು ಮೀಟರ್ ಮೇಲೆ ಒಂದೇ ಕಡೆ ನಿಂತುಕೊಂಡು, ಬಾವಿಗೆ ಕೊಡಪಾನ ಇಳಿಸಿದ ಹಾಗೆ ಕೇಬಲ್ ಕಟ್ಟಿದ ಸೋನಾರನ್ನ ಆ ತಣ್ಣನೆ ನೀರಿನವರೆಗೂ ಇಳಿಸಿ ಕಿವಿ ಕೊಟ್ಟು ಕೇಳುತ್ತೆ. ಏನೂ ಸಿಗಲಿಲ್ಲ ಅಂದ್ರೆ ಎತ್ತಿಕೊಂಡು ಮುಂದಿನ ಜಾಗಕ್ಕೆ ಹೋಗಿ ಮತ್ತೆ ಇಳಿಸೋದು, ಸಿಕ್ಕಿದ್ರೆ ಟಾರ್ಪೆಡೊನೂ ತನ್ನ ಹತ್ತಿರನೇ ಇರುತ್ತೆ. ಸಬ್‌ಮರೀನ್ ತಿರುಗಿ ಟಾರ್ಪೆಡೊ ಹೊಡೀತೀನಿ ಅಂದ್ರೆ ಹೊಡೆಯೋಕೆ ನೀರಲ್ಲಿ ಹಡಗೇ ಇರಲ್ಲ. ಇದೆಲ್ಲ ಕತ್ತಲಲ್ಲಿ, ಕೆಳಗೂ ಕಪ್ಪು ಮೇಲೂ ಕಪ್ಪು, ದಡ ಎಲ್ಲೋ ದೂರ, ಅಂಥಾ ಕಡೆ ಗಂಟೆಗಟ್ಟಲೆ ಮಾಡೋ ಕೆಲಸ. ಪೈಲಟ್ ಇಬ್ಬರು, ಹಿಂದೆ ಅಬ್ಸರ್ವರ್ ಮತ್ತು ಸೋನಾರ್ ನೋಡೋರು, ಯಾರೊಬ್ಬರ ಗಮನ ಸ್ವಲ್ಪ ಜಾರಿದ್ರೂ ಎಲ್ಲರೂ ನೀರಿಗೇ. ಯುದ್ಧವಿಮಾನದ ಪೈಲಟ್‌ಗೆ ಸಿಗೋ ಮರ್ಯಾದೆ ಇವರಿಗ್ಯಾಕೆ ಸಿಗಲ್ಲ ಅಂತ ನನಗೆ ನಿಜವಾಗಲೂ ಬೇಜಾರಿದೆ.

ಆಮೇಲಿನ ವರ್ಷಗಳಲ್ಲಿ ಹಡಗುಗಳೇ ಸೀಕಿಂಗ್‌ಗೆ ತಕ್ಕಂತೆ ಬದಲಾದವು. ತಾರಾಗಿರಿ, ವಿಂಧ್ಯಗಿರಿ ಹಡಗುಗಳ ಡೆಕ್ ದೊಡ್ಡದು ಮಾಡಿದ್ರು, 1983ರಲ್ಲಿ ಬಂದ ಗೋದಾವರಿ ಹಡಗಲ್ಲಿ ಎರಡೆರಡು ಸೀಕಿಂಗ್ ಇಡೋ ಹಾಗೆ ಕಟ್ಟಿದ್ರು, ರೆಕ್ಕೆ ಮಡಚಿ ಒಳಗೆ ತಳ್ಳಿಬಿಡಬಹುದು. 1988ರಿಂದ 42ಬಿ ಅನ್ನೋ ಮಾದರಿ ಬಂತು, ಅದು ಸೀ ಈಗಲ್ ಕ್ಷಿಪಣಿ ಹೊತ್ತುಕೊಂಡು ಹಡಗಿಗೂ ಹೊಡೆಯೋ ಅಂಥದ್ದು.

ನಮ್ಮ ಸೋದರಮಾವ ಕೊಚ್ಚಿಯಲ್ಲಿ ಇದೇ ಸೀಕಿಂಗ್ ಮೇಂಟೆನೆನ್ಸ್‌ನಲ್ಲಿ ಇದ್ದೋರು. ರಜೆಗೆ ಹೊಸನಗರಕ್ಕೆ ಬಂದಾಗ ಯುದ್ಧದ ಮಾತಿಗಿಂತ ಜಾಸ್ತಿ ಉಪ್ಪಿನ ಮಾತೇ ಆಡೋರು. ಸಮುದ್ರದ ಮೇಲೆ ನಿಂತು ಬಂದ ಹೆಲಿಕಾಪ್ಟರ್‌ಗೆ ಮೈಯೆಲ್ಲ ಉಪ್ಪು, ಎಂಜಿನ್ ಒಳಗೂ ಉಪ್ಪು, ಬಂದ ತಕ್ಷಣ ಸಿಹಿನೀರಲ್ಲಿ ತೊಳೀಬೇಕು, ಇಲ್ಲ ಅಂದ್ರೆ ತುಕ್ಕು ತಿಂದುಹಾಕುತ್ತೆ ಅನ್ನೋರು. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದಮೇಲೆ ಹೊರದೇಶದವರು ನಿರ್ಬಂಧ ಹಾಕಿದ್ರಲ್ಲ, ಆಗ ಸೀಕಿಂಗ್ ಬಿಡಿಭಾಗ ಬರೋದೇ ನಿಂತು ಎಷ್ಟೋ ಹೆಲಿಕಾಪ್ಟರ್ ನೆಲ ಬಿಟ್ಟು ಏಳಲೇ ಇಲ್ಲ. ಮಾವ ಆ ದಿನಗಳ ಬಗ್ಗೆ ಹೇಳುವಾಗ ಸಿಟ್ಟು ಬರೋದು ಅವರಿಗೆ, ನಮ್ಮದು ನಾವೇ ಮಾಡಿಕೊಳ್ಳೋವರೆಗೂ ಹಿಂಗೇ ಕಣೋ ಅನ್ನೋರು. ಈಗ ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವಾಗ ಗುಬ್ಬಿ ಸ್ಟೇಷನ್ ದಾಟ್ತೀವಲ್ಲ, ಅದೇ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಗಿದ್ದು. ರೈಲಲ್ಲಿ ಕೂತ ಎಷ್ಟು ಜನಕ್ಕೆ ಇದು ಗೊತ್ತು?

ಇನ್ನು ಮಳೆ ವಿಷಯ, ಇದು ಮಲೆನಾಡಿನೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದಾಗಲೇ ಕೇರಳ ಮುಳುಗಿತ್ತು, ಆಗ ಕ್ಯಾಪ್ಟನ್ ಪಿ. ರಾಜ್‌ಕುಮಾರ್ ಸೀಕಿಂಗನ್ನ ಮನೆಗಳ ನಡುವೆ ತಂದು ತಾರಸಿ ಹತ್ತಿರ ನಿಲ್ಲಿಸಿಕೊಂಡು 26 ಜನರನ್ನ ಹತ್ತಿಸಿಕೊಂಡರು. ಕಮಾಂಡರ್ ವಿಜಯ್ ವರ್ಮಾ ಚೇತಕ್ ಅನ್ನೋ ಸಣ್ಣ ಹೆಲಿಕಾಪ್ಟರ್‌ನಲ್ಲಿ ತುಂಬು ಗರ್ಭಿಣಿಯೊಬ್ಬರನ್ನ ಮೇಲಕ್ಕೆತ್ತಿ ಆಸ್ಪತ್ರೆಗೆ ಸೇರಿಸಿದ್ರು, ಅವತ್ತೇ ಹೆರಿಗೆ ಆಯ್ತು. 2019ರ ಜುಲೈನಲ್ಲಿ ಮುಂಬೈ ಹತ್ತಿರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತಾಗ ಮುಳುಗುಗಾರರನ್ನ, ರಬ್ಬರ್ ದೋಣಿಯನ್ನ ಹೊತ್ತು ಹೋಗಿದ್ದೂ ಸೀಕಿಂಗೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬೈ ಆಚೆ ಪಿ-305 ಬಾರ್ಜ್ (ಕೆಲಸಗಾರರು ತಂಗೋ ಚಪ್ಪಟೆ ಹಡಗು) ಮುಳುಗಿದಾಗ ಹಡಗುಗಳು, ಹೆಲಿಕಾಪ್ಟರ್‌ಗಳು ಸೇರಿ 180ಕ್ಕೂ ಜಾಸ್ತಿ ಜನರನ್ನ ಉಳಿಸಿದ್ವು. ಅದೇ ಚಂಡಮಾರುತದಲ್ಲಿ ನಮ್ಮ ಘಟ್ಟದ ಕೆಳಗೇ, ಕಾಪು ಹತ್ತಿರ ಬಂಡೆಗೆ ಸಿಕ್ಕಿದ್ದ ಕೋರಮಂಡಲ್ ಸಪೋರ್ಟರ್ ಟಗ್‌ನ (ಹಡಗು ಎಳೆಯೋ ದೋಣಿ) ಒಂಬತ್ತು ಜನರಲ್ಲಿ ಕೆಲವರನ್ನ ನೌಕಾಪಡೆ ಹೆಲಿಕಾಪ್ಟರ್ ಮೇಲಕ್ಕೆತ್ತಿತು, ಉಳಿದವರನ್ನ ಕೋಸ್ಟ್ ಗಾರ್ಡ್ ತಂದ್ರು. ಆಗುಂಬೆ ಘಾಟಿ ಇಳಿದ್ರೆ ಕಾಪು ಎಷ್ಟು ದೂರ ಹೇಳಿ.

ಈಗ ನನ್ನ ಕೋರಿಕೆ. ಸೇವೆ ಮುಗಿಸೋ ಸೀಕಿಂಗ್‌ಗಳಲ್ಲಿ ಒಂದನ್ನ ಶಿವಮೊಗ್ಗಕ್ಕೆ ತರಿಸಬೇಕು. ಇದೇನೂ ಹೊಸದಲ್ಲ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ ಹಡಗು ಮ್ಯೂಸಿಯಂ ಆಗಿದೆ, ಟುಪೊಲೆವ್ ವಿಮಾನನೂ ತಂದಿಟ್ಟಿದ್ದಾರೆ. ಐಎನ್‌ಎಎಸ್ 350 ಸ್ಕ್ವಾಡ್ರನ್‌ನ, ಸೀಕಿಂಗ್ ಜಾತಿಯದ್ದೇ ಆದ ಯುಎಚ್-3ಎಚ್ ಹೆಲಿಕಾಪ್ಟರ್ 2024ರಲ್ಲಿ ನಿವೃತ್ತಿ ಆದಾಗ ಅದನ್ನ ವಿಶಾಖಪಟ್ಟಣಕ್ಕೆ ಕೊಟ್ಟರು. ಕೇಳಿದೋರಿಗೆ ಕೊಡ್ತಾರೆ, ಕೇಳದೇ ಹೋದ್ರೆ ಏನಾಗುತ್ತೆ ಅಂತಾನೂ ನೋಡಿದ್ದೀವಿ, 1971ರ ವಿಕ್ರಾಂತ್ ಹಡಗನ್ನೇ 2014ರಲ್ಲಿ ಗುಜರಿಗೆ ಹಾಕಿದ್ರು, ಅದರ ಕಬ್ಬಿಣ ಕರಗಿಸಿ ಬೈಕಿಗೆ ಬಳಸಿದ್ರು. ಅಷ್ಟು ದೊಡ್ಡ ಹಡಗು ಉಳಿಸೋದು ಕಷ್ಟ ಇರಬಹುದು, ಒಂದು ಹೆಲಿಕಾಪ್ಟರ್ ಉಳಿಸೋದು ಕಷ್ಟ ಅಲ್ಲ.

ಕಡಲೂರುಗಳಿಗೆ ಕೊಡಲಿ, ಮಲೆನಾಡಿಗ್ಯಾಕೆ ಅನ್ನೋರು ಇರ್ತಾರೆ. ಕಡಲ ಪಕ್ಕದ ಮಕ್ಕಳು ಹಡಗು, ಹೆಲಿಕಾಪ್ಟರ್ ದಿನಾ ನೋಡ್ತಾರೆ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಸರ್ಕಾರಿ ಶಾಲೆ ಮಗುವಿಗೆ ನೌಕಾಪಡೆಯಲ್ಲಿ ಹಾರೋ ಕೆಲಸನೂ ಇದೆ, ರಿಪೇರಿ ಕೆಲಸನೂ ಇದೆ, ಸೋನಾರ್ ಕೇಳೋ ಕೆಲಸನೂ ಇದೆ ಅಂತ ಹೇಳೋರು ಯಾರಿದ್ದಾರೆ? ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಆಗಿದೆ, ಅದರ ಹೊರಗಡೆ ಶಾಲೆ ಬಸ್ಸು ನಿಲ್ಲೋ ಅಂಥಾ ಜಾಗದಲ್ಲಿ ಇಡಲಿ, ಟಿಕೆಟ್ ಇಲ್ಲದೆ ಎಲ್ಲರೂ ನೋಡೋ ಹಾಗಿರಲಿ. ಆದರೆ ಒಂದು ಮಾತು, ಮೇಲೆ ಮಾಡು ಹಾಕಲೇಬೇಕು. ನಮ್ಮ ಮಳೆಗೆ ಬಯಲಲ್ಲಿ ಬಿಟ್ರೆ ನಾಲ್ಕು ಮಳೆಗಾಲಕ್ಕೆ ಪಾಚಿ ಹಿಡಿದು ತೂತು ಬೀಳುತ್ತೆ, ಅದು ಹಾರ್ಪೂನ್ಸ್ ಸ್ಕ್ವಾಡ್ರನ್‌ಗೆ ಮಾಡೋ ಅವಮಾನ. ಪಕ್ಕದಲ್ಲಿ ಕನ್ನಡದಲ್ಲೇ ಬೋರ್ಡ್ ಇರಲಿ, ಸೋನಾರ್ ಹೆಂಗೆ ಕೆಲಸ ಮಾಡುತ್ತೆ ಅಂತ ಚಿತ್ರ ಇರಲಿ, ಖುಕ್ರಿ ಕಥೆ ಇರಲಿ.

ಜಿಲ್ಲಾಡಳಿತ, ಸಂಸದರು, ಶಾಸಕರು ಸೇರಿ ರಕ್ಷಣಾ ಸಚಿವಾಲಯಕ್ಕೆ ಈಗಲೇ ಬರೀಬೇಕು, ಎಲ್ಲಾ ಹೆಲಿಕಾಪ್ಟರ್ ಹಂಚಿ ಮುಗಿದ ಮೇಲೆ ಬರೆದ್ರೆ ಪ್ರಯೋಜನ ಇಲ್ಲ. ಜಿಲ್ಲೆಯ ಮಾಜಿ ಸೈನಿಕರೂ ಸಹಿ ಹಾಕಿ ಕೊಡಲಿ, ನಾನಂತೂ ಹೊಸನಗರದಲ್ಲಿ ಸಹಿ ಸಂಗ್ರಹಕ್ಕೆ ಓಡಾಡೋಕೆ ತಯಾರಿದ್ದೀನಿ. ನೀವು ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಒಂದು ಪುಟ ಈ ಸ್ಕ್ವಾಡ್ರನ್‌ಗೆ ಅಂತ ಇಟ್ಟುಬಿಡಿ, ನಮ್ಮ ಜಿಲ್ಲೆಯಿಂದ ನೌಕಾಪಡೆಗೆ ಹೋಗಿ ಬಂದೋರು ಯಾರ್ಯಾರು ಇದ್ದಾರೋ ಅವರ ಹತ್ತಿರ ಬರೆಸಿ.

ಇಂತಿ ನಿಮ್ಮ ಓದುಗ,
ಹೊಸನಗರ ತಾಲೂಕು, ಶಿವಮೊಗ್ಗ ಜಿಲ್ಲೆ